ಕ್ಲಿಕ್ ಬರುತ್ತಿತ್ತು, ಕಮಿಷನ್ ಇರಲಿಲ್ಲ: 301 ಮಾಡಿದ ಕಿತಾಪತಿ

ನನ್ನ ಬ್ಲಾಗ್‌ನ ಲಿಂಕ್ ಮೂಲಕ ಯಾರಾದರೂ ಏನಾದರೂ ಕೊಂಡರೆ ಕಮಿಷನ್ ಕೊಡುವ ಅಫಿಲಿಯೇಟ್ ಖಾತೆ ಹೊಸದು ಮಾಡಿಸಿ, ವರ್ಡ್‌ಪ್ರೆಸ್‌ನ ಶಾರ್ಟ್ ಲಿಂಕ್‌ಗಳಲ್ಲಿ (ಉದ್ದದ ಅಫಿಲಿಯೇಟ್ ವಿಳಾಸಕ್ಕೆ ಕಳಿಸುವ ಚಿಕ್ಕ ಲಿಂಕ್) ಹೊಸ ಖಾತೆಯ ಐಡಿ ಹಾಕಿದ್ದೆ. ಅನಲಿಟಿಕ್ಸ್‌ನಲ್ಲಿ ದಿನಕ್ಕೆ 40 ಕ್ಲಿಕ್, ಕಮಿಷನ್ ಕೊಡುವ ಅಫಿಲಿಯೇಟ್ ನೆಟ್‌ವರ್ಕ್‌ನ ರಿಪೋರ್ಟ್‌ನಲ್ಲಿ 3 ಅಥವಾ 4.

ಬ್ಯಾನರ್ ಬದಲಿಸಿದೆ, ಆಡ್‌ಬ್ಲಾಕರ್ ತೆಗೆದು ನೋಡಿದೆ, ಸೈಟ್‌ನ ಕ್ಯಾಶ್ (ಬೇಗ ತೋರಿಸಲು ಉಳಿಸಿಟ್ಟ ಪುಟಗಳ ಪ್ರತಿ) ಹತ್ತು ಸಲ ಅಳಿಸಿದೆ. ಸುಮ್ನೆ ಸಮಯ ಹಾಳು. ಹಳೆಯದೇನೂ ನೆನಪಿಲ್ಲದ ಇನ್‌ಕಾಗ್ನಿಟೋ ಕಿಟಕಿಯಲ್ಲಿ ಲಿಂಕ್ ಒತ್ತಿದರೆ ಹೊಸ ಐಡಿ, ಮಾಮೂಲಿ ಕಿಟಕಿಯಲ್ಲಿ ಹಳೇ ಐಡಿ! ಅಲ್ಲೇ ಸುಳಿವು ಸಿಕ್ಕಿದ್ದು.

ಶಾರ್ಟ್ ಲಿಂಕ್ 301 ರೀಡೈರೆಕ್ಟ್ (ಒಂದು ವಿಳಾಸದಿಂದ ಇನ್ನೊಂದಕ್ಕೆ ಕಳಿಸುವ ಸೂಚನೆ) ಆಗಿತ್ತು. 301 ಅಂದರೆ ಶಾಶ್ವತ ಬದಲಾವಣೆ, ಹಾಗಾಗಿ ಬ್ರೌಸರ್ ಅದನ್ನು ನೆನಪಿಟ್ಟುಕೊಂಡು ಮುಂದಿನ ಸಲ ನಮ್ಮ ಸರ್ವರನ್ನು ಕೇಳದೆಯೇ ಹಳೇ ವಿಳಾಸಕ್ಕೆ ಹೋಗಿಬಿಡುತ್ತದೆ. ನನ್ನ ಓದುಗರಲ್ಲಿ ಪದೇ ಪದೇ ಬರುವವರೇ ಜಾಸ್ತಿ, ಹಾಗಾಗಿ ಅವರ ಕ್ಲಿಕ್‌ಗಳು ಹಳೇ ಐಡಿಗೇ ಹೋಗುತ್ತಿದ್ದವು.

ನಿಮಗೂ ಹೀಗಾದರೆ, ಮೊದಲು ಶಾರ್ಟ್ ಲಿಂಕ್ ಮಾಡುವ ಪ್ಲಗಿನ್‌ನಲ್ಲಿ ರೀಡೈರೆಕ್ಟ್ ಟೈಪ್ 307 (ತಾತ್ಕಾಲಿಕ ಬದಲಾವಣೆ) ಮಾಡಿ. ಇಷ್ಟೇ ಸಾಲದು, ಹಳೇ ಓದುಗರ ಬ್ರೌಸರ್‌ನಲ್ಲಿ ಹಳೇ 301 ಕೂತಿರುತ್ತದಲ್ವಾ? ಅದಕ್ಕೇ ಪ್ರತಿ ಲಿಂಕ್‌ನ ಸ್ಲಗ್ (ವಿಳಾಸದ ಕೊನೆಯ ಹೆಸರಿನ ಭಾಗ) ಕೊನೆಗೆ 2 ಸೇರಿಸಿ, ಎಲ್ಲ ಬರಹಗಳಲ್ಲೂ ಹೊಸ ಸ್ಲಗ್ ಹಾಕಿ. ಪೇಜ್ ಕ್ಯಾಶ್ ಅಳಿಸುವುದು ಎಲ್ಲಕ್ಕಿಂತ ಕೊನೆಗೆ, ಮೊದಲೇ ಅಳಿಸಿದರೆ ಹಳೇ ಪುಟವೇ ಮತ್ತೆ ಕ್ಯಾಶ್ ಆಗುತ್ತದೆ. ಆಮೇಲೆ ಮೊದಲು ಹಳೇ ಐಡಿ ತೋರಿಸಿದ ಬ್ರೌಸರ್‌ನಲ್ಲೇ ಲಿಂಕ್ ಒತ್ತಿ, ವಿಳಾಸದ ಪಟ್ಟಿಯಲ್ಲಿ ಹೊಸ ಐಡಿ ಇದೆಯಾ ನೋಡಿ.