ಸುದ್ದಿಯಿಂದ ತೆಗೆದ ವಿವರ ಗೂಗಲ್‌ನಿಂದ ಹೋಗದಿದ್ದಾಗ: ನನ್ನ ಅನುಭವ

ಪೋಕ್ಸೊ ಪ್ರಕರಣದ ವರದಿಯೊಂದರಲ್ಲಿ ಬಾಲಕಿಯ ಶಾಲೆಯ ಹೆಸರಿತ್ತು. ಡೆಸ್ಕ್‌ನಲ್ಲಿ ತೆಗೆದೆವು. ಆದರೂ ಆ ಶಾಲೆಯ ಹೆಸರು ಹುಡುಕಿದರೆ ಗೂಗಲ್‌ನಲ್ಲಿ ನಮ್ಮ ಸುದ್ದಿಯೇ ಬರುತ್ತಿತ್ತು. ಪೋಕ್ಸೊ ಸೆಕ್ಷನ್ 23ರ ಪ್ರಕಾರ ಮಾಧ್ಯಮ ಬಹಿರಂಗಪಡಿಸಬಾರದ ವಿವರದಲ್ಲಿ ಹೆಸರು, ಫೋಟೊ ಮಾತ್ರವಲ್ಲ, ಶಾಲೆ, ಕುಟುಂಬ, ನೆರೆಹೊರೆಯ ವಿವರವೂ ಸೇರಿದೆ. ಸುಮ್ನೆ ಬಿಡುವ ವಿಷಯವಲ್ಲ.

ಶೀರ್ಷಿಕೆ ಬದಲಿಸಿದ್ದು, ಕ್ಯಾಶ್ (ಸೈಟ್ ಉಳಿಸಿಟ್ಟುಕೊಂಡ ಹಳೇ ಪ್ರತಿ) ತೆಗೆದದ್ದು ಕೆಲಸಕ್ಕೆ ಬರಲಿಲ್ಲ. ಸ್ಲಗ್ (ಲಿಂಕಿನ ಕೊನೆಯಲ್ಲಿರುವ ಪದಗಳು) ಬದಲಿಸಿದರೆ ಸಿಎಂಎಸ್ (ಸುದ್ದಿ ಪ್ರಕಟಿಸುವ ಸಾಫ್ಟ್‌ವೇರ್) ತಾನಾಗಿಯೇ 301 ರೀಡೈರೆಕ್ಟ್ ಹಾಕಿತು, ಅಂದರೆ ಹಳೇ ಲಿಂಕ್ ಒತ್ತಿದವರನ್ನು ಹೊಸದಕ್ಕೆ ಕಳಿಸಿತು. ಶಾಲೆಯ ಹೆಸರಿದ್ದ ಹಳೇ ಲಿಂಕ್ ಹಾಗೇ ಓಡುತ್ತಿತ್ತು. ಸರ್ಚ್ ಕನ್ಸೋಲ್‌ನ (ಸೈಟ್ ಮಾಲೀಕರಿಗಾಗಿ ಗೂಗಲ್ ಕೊಡುವ ಸಾಧನ) ರಿಮೂವಲ್ಸ್, ಅಂದರೆ ಹುಡುಕಾಟದಿಂದ ಲಿಂಕ್ ಮರೆಮಾಡುವ ಮನವಿ, ಒಂದೇ ಸಾಲದು, ಅದು ಸುಮಾರು 6 ತಿಂಗಳ ಮರೆ ಅಷ್ಟೇ.

ಕೊನೆಗೆ ಕೆಲಸ ಮಾಡಿದ್ದು ಈ ಕ್ರಮ. ಮೊದಲು ಸುದ್ದಿಯನ್ನು ಹೊಸ ಐಡಿ, ಹೊಸ ಸ್ಲಗ್‌ನಲ್ಲಿ ಪ್ರಕಟಿಸಿ. ಫೋಟೊ ಫೈಲಿನ ಹೆಸರು, ಆಲ್ಟ್ ಟೆಕ್ಸ್ಟ್ (ಫೋಟೊಗೆ ಬರೆದ ವಿವರಣೆ), ಮೆಟಾ ವಿವರಣೆ (ಹುಡುಕಾಟಕ್ಕಾಗಿ ಬರೆದ ಪುಟದ ಸಾರಾಂಶ), ಟ್ಯಾಗ್ ನಾಲ್ಕನ್ನೂ ನೋಡಿ. ನಮ್ಮಲ್ಲಿ ಶಾಲೆಯ ಹೆಸರು ಜಾಸ್ತಿ ಉಳಿದಿದ್ದು ಫೋಟೊ ಫೈಲಿನಲ್ಲೇ. ಹಳೇ ಫೋಟೊವನ್ನು ಸರ್ವರ್‌ನಿಂದಲೇ ಅಳಿಸಿ. ಆಮೇಲೆ 301 ತೆಗೆದು ಹಳೇ ಲಿಂಕಿಗೆ 410 (ಪುಟ ಶಾಶ್ವತವಾಗಿ ಹೋಗಿದೆ ಎಂಬ ಸಂಕೇತ) ಕೊಡಿ. ಆ ಲಿಂಕನ್ನು ರೋಬೋಟ್ಸ್ ಫೈಲಿನಲ್ಲಿ (ಯಾವ ಪುಟ ನೋಡಬಾರದೆಂದು ಸರ್ಚ್ ಬಾಟ್‌ಗಳಿಗೆ ಹೇಳುವ ಫೈಲು) ತಡೆಯಬೇಡಿ. ತಡೆದರೆ ಗೂಗಲ್ ಬಾಟ್‌ಗೆ 410 ಕಾಣುವುದೇ ಇಲ್ಲ, ಅಲ್ವಾ? ಸೈಟ್‌ಮ್ಯಾಪ್‌ನಿಂದಲೂ (ಸೈಟಿನ ಲಿಂಕ್‌ಗಳ ಪಟ್ಟಿ) ತೆಗೆಯಿರಿ. ನಂತರ ಸಿಡಿಎನ್‌ನಲ್ಲಿ (ಸೈಟಿನ ಪ್ರತಿಗಳನ್ನು ಬೇರೆ ಬೇರೆ ಕಡೆ ಇಡುವ ಸರ್ವರ್ ಜಾಲ) ಪುಟ ಮತ್ತು ಫೋಟೊ ಎರಡರ ಪ್ರತಿಯನ್ನೂ ಪರ್ಜ್ ಮಾಡಿ, ಅಂದರೆ ಅಳಿಸಿ. ಇಷ್ಟಾದ ಮೇಲೆಯೇ ರಿಮೂವಲ್ಸ್ ಮನವಿ ಹಾಕಿ.

ವಾಟ್ಸ್‌ಆ್ಯಪ್‌ನಲ್ಲಿ ಈಗಾಗಲೇ ಹೋದ ಮೆಸೇಜಿನ ಪ್ರಿವ್ಯೂ ಇದರಿಂದ ಬದಲಾಗುವುದಿಲ್ಲ. ನಿಮ್ಮ ಚಾನೆಲ್‌ನ ಪೋಸ್ಟನ್ನು ಕೈಯಾರೆ ಅಳಿಸಬೇಕು.