ಕೃಷ್ಣಮೃಗ ಉಳಿಯಬೇಕು ಅಂದ್ರೆ ಕುರಿಗೆ ಸೂಜಿ ಹಾಕಬೇಕು: ಮೈದನಹಳ್ಳಿ ಕಡೆಯ ನನ್ನ ಅನುಭವ

ನಾನು ಪಶುವೈದ್ಯ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಸುತ್ತಮುತ್ತ ಕುರಿ, ಮೇಕೆಗಳಿಗೆ ಲಸಿಕೆ ಹಾಕುತ್ತೇನೆ. ಕುರಿ ಸಾಯಬಾರದು ಅನ್ನೋದು ಒಂದು ಕಾರಣ. ಅಷ್ಟೇ ದೊಡ್ಡ ಇನ್ನೊಂದು ಕಾರಣ ಅಲ್ಲಿನ ಕೃಷ್ಣಮೃಗಗಳು, ಕುರಿಯ ರೋಗ ಅವಕ್ಕೂ ಹತ್ತಬಹುದು. ಜಿಂಕೆಗೆ ರೋಗ ಬರಬಾರದು ಅಂದ್ರೆ ಜಿಂಕೆಗೇ ಲಸಿಕೆ ಹಾಕಬಹುದಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಆಗಲ್ಲ. ಅಟ್ಟಿಸಿಕೊಂಡು ಹೋಗಿ ಹಿಡಿದರೆ ಅದು ಓಟಕ್ಕೆ, ಗಾಬರಿಗೇ ಸತ್ತು ಹೋಗಬಹುದು. ಕಾನೂನಿನ ಪ್ರಕಾರವೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಯಾರೂ ಅದರ ಮೇಲೆ ಕೈ ಹಾಕುವಂತಿಲ್ಲ.

ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಘೋಷಣೆ ಆಗಿದ್ದು 2007ರಲ್ಲಿ. ಹೆಚ್ಚುಕಡಿಮೆ 800 ಎಕರೆ, ಅಷ್ಟೇ. ಗಡಿ ನಕ್ಷೆಯಲ್ಲಿದೆ, ಜಿಂಕೆಗೆ ಅದು ಗೊತ್ತಿಲ್ಲ. ಬೆಳಗಿನ ಜಾವ ಹಿಂಡು ಹಿಂಡಾಗಿ ಪಕ್ಕದ ರಾಗಿ, ಕಡಲೆಕಾಯಿ ಹೊಲಕ್ಕೆ ಇಳಿಯುತ್ತವೆ. ಅದೇ ಹೊಲದಲ್ಲಿ ಮಧ್ಯಾಹ್ನ ಕುರಿ ಮೇಯುತ್ತದೆ. ಬೇಸಿಗೆಯಲ್ಲಿ ಕುಂಟೆಗಳೆಲ್ಲ ಬತ್ತಿ ಒಂದೋ ಎರಡೋ ಉಳಿದಾಗ ಎಲ್ಲವೂ ಅಲ್ಲಿಗೇ ಬರಬೇಕು.

ನನಗೆ ಜಾಸ್ತಿ ಭಯ ಇರುವುದು ಪಿಪಿಆರ್ ಬಗ್ಗೆ. ಮೇಕೆ ಪ್ಲೇಗ್ ಅಂತಾರಲ್ಲ, ಅದೇ. ಜೋರು ಜ್ವರ, ಕಣ್ಣು ಮೂಗಲ್ಲಿ ಸುರಿತ, ಬಾಯಲ್ಲಿ ಹುಣ್ಣು, ಆಮೇಲೆ ಭೇದಿ, ಕೆಮ್ಮು. ಬಂದ ಮಂದೆಯಲ್ಲಿ ಮರಿಗಳು ಮೊದಲು ಹೋಗುತ್ತವೆ. ವೈರಸ್ ಬಿಸಿಲಿಗೆ ಬೇಗ ಸಾಯುತ್ತೆ, ಆದರೆ ಮೂತಿಗೆ ಮೂತಿ ತಾಗುವಷ್ಟು ಹತ್ತಿರ ಇದ್ದರೆ ಉಸಿರಿನಿಂದಲೇ ಹರಡುತ್ತೆ. ಕುಂಟೆ ದಂಡೆಯಲ್ಲಿ ಆಗುವುದು ಅದೇ. ಮಂಗೋಲಿಯಾದಲ್ಲಿ ಸೈಗಾ ಅನ್ನೋ ಕಾಡು ಜಿಂಕೆ ಇದೆ. 2016ರಲ್ಲಿ ಅಲ್ಲಿನ ಕುರಿ ಮೇಕೆಗಳಿಗೆ ಬಂದ ಪಿಪಿಆರ್, ಆ ಚಳಿಗಾಲದಲ್ಲಿ ಸೈಗಾಗೆ ಹತ್ತಿತು. ಕೆಲವೇ ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸೈಗಾ ಸತ್ತವು. ನಮ್ಮ ಈ ಪುಟ್ಟ ಜಾಗದಲ್ಲಿ ಹಾಗೆ ಆದರೆ ಮತ್ತೆ ತುಂಬಿಕೊಳ್ಳಲು ಪಕ್ಕದಲ್ಲಿ ಬೇರೆ ಕಾಡೇನೂ ಇಲ್ಲ.

ಧೈರ್ಯ ಕೊಡುವ ಸಂಗತಿಯೂ ಇದೆ. ದನಗಳ ದೊಡ್ಡರೋಗ (ರಿಂಡರ್‌ಪೆಸ್ಟ್) ಆಫ್ರಿಕಾದ ಸೆರೆಂಗೆಟಿ ಕಾಡಿನಲ್ಲಿ ವಿಲ್ಡಬೀಸ್ಟ್ ಅನ್ನೋ ದೊಡ್ಡ ಕಾಡುಪ್ರಾಣಿಗಳನ್ನೂ ಕೊಲ್ಲುತ್ತಿತ್ತು. ಸುತ್ತಲ ಊರುಗಳ ದನಕ್ಕೆ ಲಸಿಕೆ ಹಾಕಿದರು, ಕಾಡಿನ ಪ್ರಾಣಿಗೆ ಒಂದು ಸೂಜಿಯನ್ನೂ ಚುಚ್ಚಲಿಲ್ಲ. 1960ರ ಆಸುಪಾಸಿನಲ್ಲಿ ಎರಡೂವರೆ ಲಕ್ಷದಷ್ಟಿದ್ದ ವಿಲ್ಡಬೀಸ್ಟ್ 1970ರ ದಶಕ ಮುಗಿಯುವ ಹೊತ್ತಿಗೆ 10 ಲಕ್ಷ ದಾಟಿತ್ತು. ದೊಡ್ಡರೋಗವನ್ನು 2011ರಲ್ಲಿ ಇಡೀ ಜಗತ್ತಿನಿಂದಲೇ ಓಡಿಸಿದರು. ಪಿಪಿಆರ್‌ಗೆ ಈಗ 2030ರ ಗುರಿ ಇಟ್ಟಿದ್ದಾರೆ.

ಇನ್ನು ಕೆಲಸ ಹೇಗೆ ನಡೆಯುತ್ತೆ ಅಂತ ಹೇಳುತ್ತೇನೆ. ಬಿಸಿಲು ಏರುವ ಮೊದಲೇ ರೊಪ್ಪದ ಹತ್ತಿರ ಇರಬೇಕು, ಒಮ್ಮೆ ಮಂದೆ ಮೇಯಲು ಬಿಟ್ಟರೆ ಆ ದಿನ ಮುಗೀತು. ಲಸಿಕೆ ಸೀಸೆಯ ತಳದಲ್ಲಿ ಒಣಗಿದ ಬಿಳಿ ಬಿಲ್ಲೆ ಥರ ಇರುತ್ತೆ. ಅದರ ಜೊತೆ ಬರುವ ದ್ರವವನ್ನೂ ಐಸ್ ಡಬ್ಬಿಯಲ್ಲೇ ಇಟ್ಟುಕೊಳ್ಳುತ್ತೇನೆ, ಯಾಕಂದ್ರೆ ಬಿಸಿ ದ್ರವ ಸುರಿದರೆ ಲಸಿಕೆ ಅಲ್ಲೇ ಕೆಡುತ್ತೆ. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಹಾಗಾಗಿ ಕುರಿ ಎಲ್ಲ ಒಳಗಿವೆ, ಹಿಡಿಯಲು ಜನ ಇದ್ದಾರೆ ಅಂತ ಖಾತ್ರಿ ಆಗುವವರೆಗೆ ಸೀಸೆ ಒಡೆಯಲ್ಲ. ರೊಪ್ಪದ ಬಾಗಿಲಲ್ಲಿ ಒಬ್ಬರು ನಿಂತು ಒಂದೊಂದೇ ಬಿಡುತ್ತಾರೆ. ಕತ್ತಿನ ಪಕ್ಕದ ಚರ್ಮ ಎತ್ತಿ ಹಿಡಿದು ಒಂದು ಎಂ.ಎಲ್. ಒಳಗೆ ಬಿಡುತ್ತೇನೆ. ಹಾಕಿದ್ದಕ್ಕೆ ಹಣೆಗೆ ಬಣ್ಣ. ಬಣ್ಣ ಇಲ್ಲದ್ದು ಹೊರಗೆ ಹೋಗುವಂತಿಲ್ಲ.

ಒಂದು ಸಲ ಹಾಕಿದರೆ ಮೂರು ವರ್ಷಕ್ಕೆ ಸಾಕು ಅಂತಾರೆ. ಕುರಿಗೆ ಅದು ನಿಜ, ಮಂದೆಗೆ ಅಲ್ಲ. ಹಬ್ಬಕ್ಕೆ ಟಗರು ಮಾರುತ್ತಾರೆ, ಸಂತೆಯಿಂದ ಹೊಸದು ತರುತ್ತಾರೆ, ಮರಿ ಹುಟ್ಟುತ್ತಲೇ ಇರುತ್ತವೆ. ವರ್ಷ ಕಳೆದರೆ ಅರ್ಧಂಬರ್ಧ ಮಂದೆಯೇ ಬೇರೆ. ಅದಕ್ಕೇ ನಾನು ಪ್ರತಿ ವರ್ಷ ಹೋಗಿ ನಾಲ್ಕು ತಿಂಗಳು ದಾಟಿದ ಮರಿಗಳನ್ನು ಮೊದಲು ಹಿಡಿಸುತ್ತೇನೆ.

ಅಡ್ಡಿ ಬರುವುದು ಗಬ್ಬದ ಕುರಿಗಳ ವಿಷಯಕ್ಕೆ. "ಸೂಜಿ ಹಾಕಿದ್ರೆ ಕಂದು ಹಾಕ್ತವೆ ಡಾಕ್ಟ್ರೇ, ಇವು ಬ್ಯಾಡ" ಅಂದರು ಒಬ್ಬರು ಅಜ್ಜ, ಕೋಲು ಅಡ್ಡ ಹಿಡಿದು. ಅವರ ಭಯ ಸುಳ್ಳಲ್ಲ. ಲಸಿಕೆಯಿಂದ ಗಬ್ಬ ಹೋಗಲ್ಲ, ಆದರೆ ತುಂಬು ಗಬ್ಬದ ಕುರಿಯನ್ನು ಕಾಲು ಹಿಡಿದು ಕೆಡವಿದರೆ ಹೋಗಬಹುದು. "ಅಜ್ಜ, ಕೆಡವೋದು ಬೇಡ, ನೀವೇ ಹಿಡ್ಕೊಳ್ಳಿ, ನಿಂತಲ್ಲೇ ಹಾಕ್ತೀನಿ" ಅಂದೆ. ಅವರು ಒಂದೊಂದನ್ನೂ ಗದ್ದ ಸವರಿ ನಿಲ್ಲಿಸಿಕೊಟ್ಟರು. ಮುಂದಿನ ವರ್ಷ ಪಕ್ಕದ ಹಟ್ಟಿಯವರನ್ನು ಒಪ್ಪಿಸಿದ್ದು ಅವರೇ. ನನ್ನ ಭಾಷಣಕ್ಕಿಂತ ಅವರ ಮಾತಿಗೆ ಬೆಲೆ ಜಾಸ್ತಿ, ಅದು ಸರಿಯೂ ಹೌದು.

ಕಷ್ಟ ಇರುವುದು ವಲಸೆ ಮಂದೆಗಳದ್ದು. ರಾಗಿ ಕೊಯ್ಲು ಮುಗಿದ ಮೇಲೆ ಗೊಬ್ಬರಕ್ಕೆ ಅಂತ ರೈತರು ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ಆಂಧ್ರದ ಗಡಿ ದಾಟಿಯೂ ಬರುತ್ತವೆ. ಇವತ್ತು ಇಲ್ಲಿ, ನಾಡಿದ್ದು ಇನ್ನೆಲ್ಲೋ. ಹೀಗಾಗಿ ಹೊಲದ ಯಜಮಾನರಿಗೇ ಹೇಳಿಟ್ಟಿದ್ದೇನೆ: ಮಂದೆ ನಿಲ್ಲಿಸಲು ಕುರಿಯವರ ಹತ್ತಿರ ಮಾತಾಡುವಾಗ ದುಡ್ಡಿನ ಜೊತೆ ಸೂಜಿ ಆಗಿದೆಯಾ ಅಂತಲೂ ಕೇಳಿ, ಆಗಿಲ್ಲ ಅಂದ್ರೆ ನನಗೆ ಫೋನ್ ಮಾಡಿ. ಕೆಮ್ಮು, ಮೂಗಲ್ಲಿ ಸುರಿತ ಕಂಡರೆ ಆ ಮಂದೆ ಕುಂಟೆಗೆ ಇಳಿಯಬಾರದು, ನೀರು ತೊಟ್ಟಿಯಲ್ಲೇ ಕೊಡಬೇಕು. ಸಂತೆಯಿಂದ ತಂದದ್ದನ್ನು ಮೂರು ವಾರ ಬೇರೆ ಕಟ್ಟಬೇಕು. ಇದನ್ನು ಎಲ್ಲರೂ ಪಾಲಿಸುತ್ತಾರೆ ಅಂತ ಹೇಳಲ್ಲ. ಕಟ್ಟಲು ಜಾಗ ಇಲ್ಲದವರಿಗೆ ಸುಮ್ನೆ ಬೈದರೆ ಏನು ಪ್ರಯೋಜನ, ಅವರ ಮಂದೆಗೆ ಮೊದಲು ಲಸಿಕೆ ಹಾಕುವುದೇ ಒಳ್ಳೆಯದು.

ಹೊಲದಲ್ಲಿ ಜಿಂಕೆ ಸತ್ತು ಬಿದ್ದಿದ್ದರೆ ದಯವಿಟ್ಟು ಮುಟ್ಟಬೇಡಿ, ಕೊಯ್ಯಬೇಡಿ. ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಅದು ನೆರಡಿ ರೋಗ (ಆಂಥ್ರಾಕ್ಸ್) ಇರಬಹುದು. ಹೊಟ್ಟೆ ಸೀಳಿದರೆ ಗಾಳಿ ತಾಗಿ ಆ ರೋಗದ ಬೀಜಕಣ ಮಣ್ಣಿಗೆ ಸೇರುತ್ತೆ, ಹತ್ತಾರು ವರ್ಷ ಅಲ್ಲೇ ಕೂತಿರುತ್ತೆ. ಮನುಷ್ಯರಿಗೂ ಬರುತ್ತೆ. ನಾಯಿ ಹತ್ತಿರ ಬರದಂತೆ ಒಬ್ಬರು ದೂರದಲ್ಲಿ ನಿಂತು ಅರಣ್ಯ ಇಲಾಖೆಯವರಿಗೆ ತಿಳಿಸಿ. ಸತ್ತದ್ದು ಕುರಿ ಅಥವಾ ದನ ಆದರೆ ಹತ್ತಿರದ ಪಶು ಆಸ್ಪತ್ರೆಗೆ ಹೇಳಿ, ಇಲ್ಲವೇ 1962ಕ್ಕೆ ಫೋನ್ ಮಾಡಿ.