ಶಾರ್ಕ್ ರೆಕ್ಕೆಗೆ ಹೆಸರು ಹುಡುಕಿದ್ದು

ಒಣಗಿದ ಶಾರ್ಕ್ ರೆಕ್ಕೆಯನ್ನು ಕೈಯಲ್ಲಿ ಹಿಡಿದರೆ ಹಳೆಯ ಚಪ್ಪಲಿಯ ಅಟ್ಟೆ ಹಿಡಿದ ಹಾಗಿರುತ್ತದೆ. ತಲೆ ಇಲ್ಲ, ಬಾಲ ಇಲ್ಲ, ಎಷ್ಟೋ ಸಲ ಚರ್ಮವೂ ಇಲ್ಲ. ಇದು ಯಾವ ಜಾತಿ ಅಂತ ಕಣ್ಣಲ್ಲಿ ನೋಡಿ ಹೇಳೋದು ಹೇಗೆ? ಆ ಕೆಲಸಕ್ಕೇ ಡಿಎನ್‌ಎ ಬೇಕಾಗುವುದು. ಸುತ್ತಿಗೆಯಂಥ ತಲೆಯ ಹ್ಯಾಮರ್‌ಹೆಡ್ ಶಾರ್ಕ್‌ನ ಮೂರು ಜಾತಿಗಳು 2013ರಲ್ಲೇ ಸೈಟಿಸ್ ಒಪ್ಪಂದದ (ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಮಿತಿ ಹಾಕುವ ಒಪ್ಪಂದ) ಎರಡನೇ ಪಟ್ಟಿಗೆ ಸೇರಿದವು. ಅಂದರೆ ಪರವಾನಗಿ ಇಲ್ಲದೆ ಅವುಗಳ ರೆಕ್ಕೆ ಗಡಿ ದಾಟುವಂತಿಲ್ಲ. ಪರವಾನಗಿಯಲ್ಲಿ ಬರೆದ ಜಾತಿಯೇ ಚೀಲದಲ್ಲೂ ಇದೆಯಾ ಅಂತ ನೋಡುವವರು ನಾವು.

ನಾವು ಓದುವುದು ಸಿಒಐ ಅನ್ನುವ ಒಂದೇ ಜೀನಿನ ಸುಮಾರು 650 ಡಿಎನ್‌ಎ ಅಕ್ಷರಗಳನ್ನು. ತುಣುಕಿನಿಂದ ಡಿಎನ್‌ಎ ತೆಗೆದು, ಪಿಸಿಆರ್ ಅನ್ನುವ ವಿಧಾನದಲ್ಲಿ ಆ ಭಾಗದ ಪ್ರತಿಗಳನ್ನು ಹೆಚ್ಚಿಸಿ, ಅಕ್ಷರ ಓದಿಸಿ, ಜೀನ್‌ಬ್ಯಾಂಕ್ ಮತ್ತು ಬೋಲ್ಡ್ ಅನ್ನುವ ದತ್ತಾಂಶ ಸಂಗ್ರಹಗಳಲ್ಲಿರುವ ಅನುಕ್ರಮಗಳ (ಅಕ್ಷರಗಳ ಸಾಲುಗಳ) ಜೊತೆ ಹೋಲಿಸುತ್ತೇವೆ. ಹೇಳೋಕೆ ಇಷ್ಟೇ.

ನನ್ನ ಮೊದಲ ಸುತ್ತಿನಲ್ಲಿ ಹದಿನೆಂಟು ತುಣುಕಿದ್ದವು. ಹದಿನೆಂಟಕ್ಕೂ ಒಂದೇ ಜಾತಿ ಬಂತು. ಖುಷಿಯಾಗಿ, ಡಿಎನ್‌ಎ ಇದ್ದಲ್ಲಿ ಬಿಳಿ ಪಟ್ಟಿ ಕಾಣುವ ಜೆಲ್ ಚಿತ್ರವನ್ನು ಮತ್ತೆ ನೋಡಿದೆ. ಬರೀ ನೀರು ಹಾಕಿದ್ದ, ಏನೂ ಕಾಣಬಾರದ ಕೊನೆಯ ಟ್ಯೂಬಿನಲ್ಲೂ ಬಿಳಿ ಪಟ್ಟಿ! ಎದೆ ಧಸಕ್ಕೆಂದಿತು. ತಪ್ಪು ನನ್ನದೇ. ಒಂದು ರೆಕ್ಕೆಯಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸುತ್ತಿದ್ದೆ, ಅಷ್ಟೇ. ಸ್ಪಿರಿಟ್ ಕ್ರಿಮಿ ಕೊಲ್ಲುತ್ತದೆ, ಡಿಎನ್‌ಎಯನ್ನು ಹಾಳು ಮಾಡುವುದಿಲ್ಲ. ಅದಕ್ಕೆ ಬ್ಲೀಚ್ ಬೇಕು. ಈಗ ಪ್ರತಿ ರೆಕ್ಕೆಗೂ ಹೊಸ ಬ್ಲೇಡ್. ನೀರಿನ ಟ್ಯೂಬನ್ನು ಮೊದಲು ನೋಡುತ್ತೇನೆ, ಉಳಿದದ್ದು ಆಮೇಲೆ.

ಕತ್ತರಿಸುವ ಜಾಗವೂ ಮುಖ್ಯ. ಒಂದೇ ಚೀಲದಲ್ಲಿ ಉಜ್ಜಾಡಿದ ರೆಕ್ಕೆಗಳ ಮೈಮೇಲೆ ಪಕ್ಕದ ರೆಕ್ಕೆಯ ಪುಡಿ ಅಂಟಿರುತ್ತದೆ. ಹಾಗಾಗಿ ಮೇಲ್ಪದರವನ್ನು ಕೆರೆದು ಬಿಸಾಕಿ, ಬುಡದ ಹತ್ತಿರ ಒಳಗಿನಿಂದ ಅಕ್ಕಿಕಾಳಿನಷ್ಟು ತೆಗೆಯುತ್ತೇನೆ. ಬೆಳ್ಳಗೆ ಕಾಣಲಿ ಅಂತ ರಾಸಾಯನಿಕದಲ್ಲಿ ಅದ್ದಿದ ರೆಕ್ಕೆಗಳಲ್ಲಿ ಡಿಎನ್‌ಎ ಚೂರುಚೂರಾಗಿರುತ್ತದೆ. 650 ಅಕ್ಷರದ ತುಂಡು ಸಿಗುವುದೇ ಇಲ್ಲ. ಆಗ ಜಾತಿ ಗುರುತಿಸಲು ನೂರಿನ್ನೂರು ಅಕ್ಷರದ ಚಿಕ್ಕ ತುಂಡಿಗೆ, ಅಂದರೆ ಮಿನಿ ಬಾರ್‌ಕೋಡ್‌ಗೆ ಇಳಿಯಬೇಕು. ಕೆಲವೊಮ್ಮೆ ಡಿಎನ್‌ಎ ಚೆನ್ನಾಗಿದ್ದರೂ ಪಿಸಿಆರ್ ಏಳುವುದಿಲ್ಲ. ಜೊತೆಗೆ ಬಂದ ಕೊಳೆ ಅದನ್ನು ತಡೆಯುತ್ತಿರುತ್ತದೆ. ಡಿಎನ್‌ಎ ದ್ರಾವಣವನ್ನು ನೀರು ಬೆರೆಸಿ ಹತ್ತು ಪಟ್ಟು ತೆಳುಮಾಡಿ ನೋಡಿ. ನಾನು ಇದನ್ನು ಕಲಿಯುವ ಮೊದಲು ಸುಮ್ನೆ ಎರಡು ವಾರ ಕಳೆದೆ.

ಕಂಪ್ಯೂಟರು ಶೇ 100 ಹೊಂದಾಣಿಕೆ ಅಂದಾಗಲೇ ನನಗೆ ಅನುಮಾನ ಜಾಸ್ತಿ. ಯಾರೋ ತಪ್ಪು ಹೆಸರಿಟ್ಟು ಸೇರಿಸಿದ ಅನುಕ್ರಮಕ್ಕೂ ಶೇ 100 ಬರುತ್ತದೆ ಅಲ್ವಾ? ಹಾಗಾಗಿ ಫಲಿತಾಂಶದ ಪಟ್ಟಿಯ ಮೊದಲ ಸಾಲೊಂದನ್ನೇ ನಂಬದೆ ಕೆಳಗಿನ ಇಪ್ಪತ್ತು ಸಾಲನ್ನೂ ಓದುತ್ತೇನೆ.

ಒಮ್ಮೆ ಬ್ಲ್ಯಾಕ್‌ಟಿಪ್ ಶಾರ್ಕ್ ಮತ್ತು ಆಸ್ಟ್ರೇಲಿಯನ್ ಬ್ಲ್ಯಾಕ್‌ಟಿಪ್ ಎರಡೂ ಸಮಸಮ ಬಂದವು. ಸಿಒಐ ಇವೆರಡನ್ನು ನಂಬುವ ಹಾಗೆ ಬೇರ್ಪಡಿಸುವುದಿಲ್ಲ. ಸಾಲದ್ದಕ್ಕೆ ಆಸ್ಟ್ರೇಲಿಯಾದ ಕಡಲಲ್ಲಿ ಇವುಗಳ ಮಿಶ್ರ ಸಂತಾನವೂ ಸಿಕ್ಕಿದೆ. ಈ ಜೀನು ತಾಯಿಯಿಂದ ಮಾತ್ರ ಬರುವುದರಿಂದ ಅಪ್ಪ ಯಾರೆಂದು ಇದರಲ್ಲಿ ಕಾಣುವುದೇ ಇಲ್ಲ. “ಒಂದೇ ಹೆಸರು ಬರೆದುಕೊಡಿ ಮೇಡಂ, ಫೈಲು ಮುಗಿಯುತ್ತೆ” ಎಂದು ವರದಿಗೆ ಕಾಯುತ್ತಿದ್ದವರಿಂದ ಫೋನ್ ಬಂತು. ನಾನು ಎರಡೂ ಹೆಸರು ಬರೆದು, ನಡುವೆ ‘ಅಥವಾ’ ಹಾಕಿ ಸಹಿ ಮಾಡಿದೆ.